ಕಡುನೀಲಿ ಬಾಗಿಲಿನ ಉಗುರುಚಂದ್ರ

"ಅಲ್ಲ ಸಾಬ್ರೆ, ನೆತ್ತಿ ಸುಡೋ ಬಿಸಿಲಲ್ಲಿ ಟಾರ್ಚ್ ಎಂತಕ್ಕೆ? ಕಾರಿಗೆ ಕಣ್ಣಿನ ಪರೀಕ್ಷೆ ಮಾಡ್ತಿದ್ರಾ?"

ಜಗಲಿಯ ಮೇಲೆ ನಿಂತು ಕೇಳಿದವನು ವಾನಳ್ಳಿಯ ಜಮೀನುದಾರ ನಂದನ. ಕಾರು ಪಾಲಿಶ್ ಮಾಡುವ ದಾವೂದ್ ಸಾಹೇಬರು ತಲೆ ಎತ್ತಲಿಲ್ಲ. ಅಂಗಳದಲ್ಲಿ ನಿಂತ ಕಡುನೀಲಿ ಕಾರಿನ ಬಾನೆಟ್ಟಿಗೆ ಮೂಗು ತಾಗುವಷ್ಟು ಬಗ್ಗಿ, ಟಾರ್ಚನ್ನು ಅಡ್ಡ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿನಲ್ಲಿ ಓಡಾಡುವ ಯಾವ ಕಾರಿನ ಮೈಮೇಲೆ ಎಲ್ಲೆಲ್ಲಿ ಗೀರಿದೆ ಎನ್ನುವುದು ಅದರ ಮಾಲೀಕನಿಗಿಂತ ದಾವೂದರಿಗೆ ಚೆನ್ನಾಗಿ ಗೊತ್ತು. ಅವರು ಉಜ್ಜಿದ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮದುವೆ ಗಂಡುಗಳು ಮೀಸೆ ತಿದ್ದಿಕೊಂಡಿದ್ದಾರೆ. ಯಲ್ಲಾಪುರದ ಕಾಡಂಚಿನಲ್ಲಿ ಒಂದು ಮಂಗಟ್ಟೆ ಹಕ್ಕಿ ಅವರ ಬಾನೆಟ್ಟಿನಲ್ಲಿ ತನ್ನ ಬಿಂಬ ಕಂಡು, ಜೋಡಿ ಸಿಕ್ಕಿತೆಂದು ಅಲ್ಲೇ ಸಂಸಾರ ಹೂಡಲು ಹೊರಟು, ಕಾರು ಹುಬ್ಬಳ್ಳಿ ತಲುಪಿದ ಮೇಲಷ್ಟೇ ಹಾರಿಹೋಯಿತಂತೆ. ಇದನ್ನು ನಂಬದವರು ಆ ಹಕ್ಕಿಯನ್ನೇ ಕೇಳಬಹುದು.

ಆದರೆ ಇವತ್ತು ದಾವೂದ್ ಬಂದದ್ದು ಬರೀ ಪಾಲಿಶಿಗಲ್ಲ.

ಹೆಂಡತಿ ಸುಗ್ರಾಳ ತಮ್ಮ ಅಸದ್ ಠಾಣೆಯಲ್ಲಿ ಕೂತಿದ್ದ. ವಾನಳ್ಳಿ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ರಕ್ತದ ಮಡುವಿನಲ್ಲಿದ್ದ ಕೆರಿಯಪ್ಪನನ್ನು, ಹತ್ತಿರ ಅಳುತ್ತಾ ಕೂತಿದ್ದ ಅವನ ಹೆಂಡತಿಯನ್ನು ತನ್ನ ಬಾಡಿಗೆ ಕಾರಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಸೇರಿಸಿದ್ದೇ ಅವನು. ಆ ಉಪಕಾರಕ್ಕೆ ಸಿಕ್ಕ ಬಹುಮಾನ ಇದು: ಗುದ್ದಿದವನೂ ನೀನೇ. ಕೆರಿಯಪ್ಪನ ಸ್ಕೂಟರಿನ ಹ್ಯಾಂಡಲ್ಲಿಗೆ ಕಡುನೀಲಿ ಬಣ್ಣ ಮೆತ್ತಿತ್ತು. ಅಸದನ ಕಾರೂ ಕಡುನೀಲಿ, ಅದರ ಎಡಮಗ್ಗುಲಲ್ಲಿ ಗೀರೂ ಇತ್ತು. ಅದು ಯಲ್ಲಾಪುರದ ಮರದ ನಾಟಾ ಡಿಪೋದ ಗೇಟು ತಾಗಿ ಆದದ್ದು ಅಂತ ಅಸದ್ ಬಾಯಿ ಒಣಗುವವರೆಗೆ ಹೇಳಿದ. ಗೇಟು ಬಂದು ಸಾಕ್ಷಿ ಹೇಳಲಿಲ್ಲ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಮಲಗಿದ ಕೆರಿಯಪ್ಪನಿಗೂ ಇನ್ನೂ ಮಾತು ಬಂದಿರಲಿಲ್ಲ.

"ಕಸ್ಟಡಿ ಇವತ್ತಿಗೆ ಮುಗೀತು, ಸಂಜೆ ಅವನನ್ನ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಅಷ್ಟರೊಳಗೆ ಇನ್ನೊಂದು ನೀಲಿ ಕಾರು ತೋರಿಸಿದ್ರೆ ನೋಡೋಣ" ಎಂದಿದ್ದರು ಎಸ್ಐ.

ಇನ್ನೊಂದು ನೀಲಿ ಕಾರು ತಾನಾಗಿ ಫೋನು ಮಾಡಿ ಕರೆದಿತ್ತು. ಸಿದ್ದಾಪುರದ ಗಿರಾಕಿಯೊಬ್ಬ ಇವತ್ತು ಕಾರು ಕೊಳ್ಳಲು ಬರುತ್ತಾನೆ, ಮೈಮೇಲಿನ ಸಣ್ಣ ಗೀರೆಲ್ಲ ತೆಗೆದು ಹೊಸದರಂತೆ ಮಾಡಿಕೊಡಿ ಎಂದು ನಂದನನೇ ಫೋನಿನಲ್ಲಿ ಹೇಳಿದ್ದ.

"ಇದನ್ನ ತೊಳೆಯೋದು ಯಾರು?" ದಾವೂದ್ ಕೇಳಿದರು.

"ಬೀರ. ಎಮ್ಮೆ ನೋಡ್ಕಳೋನು."

"ಅದೇ ಅಂದ್ಕೊಂಡೆ."

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೀರ ತನ್ನ ಹೆಸರು ಬಂದದ್ದೇ ಮುಂದೆ ಬಂದ.

"ಬೀರಣ್ಣ, ಕಾರು ಹೆಂಗೆ ತೊಳೀತೀ?"

"ಎಮ್ಮೆ ತೊಳ್ದಂಗೇಯ. ತೆಂಗಿನ ಸಿಪ್ಪೆ ತಗಳೂದು, ಕುತ್ತಿಗೆ ಹತ್ರ ಸುರು ಮಾಡಿ ಬಾಲದವರಿಗೂ ಎಳೆಯೂದು. ಎಮ್ಮೆಗಾರೆ ಒದೆಯೂ ಅಭ್ಯಾಸ ಅದೆ. ಕಾರು ಪಾಪ, ಇಲ್ಲೀವರಿಗೂ ಎಂತೂ ಹೇಳ್ಲಿಲ್ಲ."

ಹೇಳದೆ ಏನು, ಕಾರಿನ ಮೈತುಂಬ ಬರೆದಿತ್ತು. ಬಟ್ಟೆಯಲ್ಲಿ ಒರೆಸುವವರ ಕಾರಿನ ಮೇಲೆ ಗೆರೆಗಳು ಸುಳಿಸುಳಿಯಾಗಿ ಜೇಡರ ಬಲೆಯಂತೆ ಬೀಳುತ್ತವೆ. ನೆರಳಲ್ಲಿ ಕಾಣುವುದಿಲ್ಲ, ಬೆಳಕು ಅಡ್ಡ ಬಿದ್ದರೆ ಎದ್ದು ನಿಲ್ಲುತ್ತವೆ. ನಂದನನ ಕಾರಿನ ಮೇಲೆ ಮಾತ್ರ ಅವು ತಲೆಯಿಂದ ಬಾಲದವರೆಗೆ ನೆಟ್ಟಗೆ, ಹೂಡಿದ ಗದ್ದೆಯ ಸಾಲಿನಂತೆ ಹೋಗಿದ್ದವು. ಬೀಜ ಚೆಲ್ಲಿದ್ದರೆ ಭತ್ತ ಬೆಳೆದು ಎರಡು ಮನೆಯ ಊಟಕ್ಕಾಗುತ್ತಿತ್ತು.

ಬಾನೆಟ್ಟು ನೆಟ್ಟಗೆರೆ. ಬಲಬಾಗಿಲು ನೆಟ್ಟಗೆರೆ. ಹಿಂದಿನ ಡಿಕ್ಕಿ ನೆಟ್ಟಗೆರೆ.

ದಾವೂದ್ ಎಡಮಗ್ಗುಲಿಗೆ ಬಂದರು. ಟಾರ್ಚು ನಿಂತಿತು.

ಮುಂಚಕ್ರದ ಮೇಲಿನ ಫೆಂಡರಿನ ನಡುಮಧ್ಯೆ, ಅಲ್ಲಿಂದ ಮುಂಬಾಗಿಲ ಅರ್ಧದವರೆಗೆ, ಒಂದು ಮೊರದಗಲದ ಜಾಗದಲ್ಲಿ ಬೀರನ ಗೆರೆ ಒಂದೂ ಇರಲಿಲ್ಲ. ಅಲ್ಲಿ ಮಾತ್ರ ಬಣ್ಣ ಆಗತಾನೇ ಮಿಂದೆದ್ದಂತೆ ಹೊಳೆಯುತ್ತಿತ್ತು. ಸುತ್ತ ಕೊಳೆ ಹಿಡಿದ ಗೋಡೆಯ ನಡುವೆ ಫೋಟೋ ತೆಗೆದ ಜಾಗ ಹೇಗೆ ಬಿಳಿಯಾಗಿ ಕಾಣುತ್ತದೋ ಹಾಗೆ.

ಯಾರೋ ಅಷ್ಟನ್ನೇ ಪಾಲಿಶ್ ಮಾಡಿದ್ದಾರೆ.

ದಾವೂದ್ ಕಿರುಬೆರಳಿನ ಉಗುರನ್ನು ಆ ಹೊಳಪಿನ ಮೇಲೆ ಮೆಲ್ಲಗೆ ಎಳೆದರು. ಉಗುರು ಒಂದು ಕಡೆ ಸಿಕ್ಕಿತೋ ಇಲ್ಲವೋ ಎನ್ನುವಂತೆ ಸಿಕ್ಕಿತು. ಫೆಂಡರಿನ ಮೇಲೆ ಒಮ್ಮೆ, ಬಾಗಿಲ ಮೇಲೆ ಒಮ್ಮೆ. ಅಳಿಸಿದ ಗೀರಿನ ಉಳಿದ ಬಾಲ. ಸ್ಕೂಟರಿನ ಹ್ಯಾಂಡಲ್ಲು ಬರುವ ಎತ್ತರಕ್ಕೇ ಸರಿಯಾಗಿ ಅಡ್ಡಕ್ಕೆ ಹೋಗಿತ್ತು.

"ನಂದನ್ ಅವರೆ, ಈ ಕಾರು ಹೋದ ವಾರ ಹೊರಗೆ ಹೋಗಿತ್ತಾ?"

"ಎಲ್ಲಿಂದ ಹೋಗ್ತದೆ? ನಾನು ಆ ವಾರ ಊರಲ್ಲೇ ಇರ್ಲಿಲ್ಲ. ಶೆಡ್ಡಿಂದ ಹೊರಗೆ ಬರ್ಲಿಲ್ಲ ಇದು."

"ಶೆಡ್ಡಲ್ಲೇ ನಿಂತ ಕಾರಿಗೆ ಎಡಗಡೆ ಮಾತ್ರ ಪಾಲಿಶ್ ಮಾಡಿದ್ದು ಯಾರು?"

"ಪಾಲಿಶ್ ಮಾಡಾಕೆ ನಿಮ್ಮನ್ನ ಕರೆಸಿದ್ದು. ಮಾಡಿದಾರೆ ಅಂದ್ರೆ ಕಡಿಮೆ ಕೆಲಸ ಆತಲ್ಲ ನಿಮ್ಗೆ. ಎಂತಕ್ಕೆ ವಕೀಲರ ಥರ ಮಾತಾಡ್ತೀರಿ?"

"ಕೆರಿಯಪ್ಪನಿಗೆ ಗುದ್ದಿದ ಕಾರಿನ ಬಣ್ಣ ಯಾವುದು ಅಂತ ನಿಮ್ಗೆ ಗೊತ್ತಲ್ಲ?"

ನಂದನನ ಮುಖ ಕೆಂಪಾಯಿತು. "ಸಾಬ್ರೆ, ಕೆರಿಯಪ್ಪ ನಮ್ಮ ಮನೆ ಹಿಂದಿನ ಮನೆಯವ. ಅವನನ್ನ ನೋಡಾಕೆ ಆಸ್ಪತ್ರೆಗೆ ನಾನು ಹೋಗಿ ಬಂದೆ. ನಿಮ್ಮ ಭಾವಮೈದ ಸಿಕ್ಕಿಬಿದ್ದ ಅಂತ ನನ್ನ ಶೆಡ್ಡಿಗೆ ಕೈ ಹಾಕ್ತೀರಾ?"

ಅವನು ಹೇಳುತ್ತಾ ಹೋದ. ದಾವೂದ್ ಅವನ ಕಣ್ಣನ್ನೇ ನೋಡುತ್ತಾ ನಿಂತರು. ಸುಳ್ಳು ಹೇಳುವವನ ಕಣ್ಣು ಹೀಗಿರುವುದಿಲ್ಲ. ಇವನಿಗೆ ಕೋಪ ಬಂದಿದೆಯೇ ಹೊರತು ಹೆದರಿಕೆ ಬಂದಿಲ್ಲ.

ಹಾಗೆ ಯೋಚಿಸುತ್ತಾ ಕೆಳಗೆ ನೋಡಿದರು.

ಅವರ ಬಲಗೈಯಲ್ಲಿ ಪಾಲಿಶ್ ಹಚ್ಚಿದ ಬಟ್ಟೆ ಇತ್ತು. ಕೈ ತನ್ನ ಪಾಡಿಗೆ ಫೆಂಡರಿನ ಮೇಲೆ ಸುತ್ತುತ್ತಿತ್ತು. ಗೀರು ಕಂಡರೆ ಈ ಕೈ ಸುಮ್ಮನಿರುವುದಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರ ಸ್ಟೀಲ್ ಲೋಟ ಉಜ್ಜಿ ಬೈಸಿಕೊಂಡ ಕೈ ಇದು. ದಾವೂದರ ಹೆಬ್ಬೆರಳೊಂದು ಎರಡು ಮಷಿನ್ನಿಗೆ ಸಮ ಎಂದು ಅವರೇ ಊರೆಲ್ಲ ಸಾರಿದ್ದರು. ಸಾರಿದ್ದು ನಿಜವಾಗಿತ್ತು. ಅವರು ಗಡಿಬಿಡಿಯಿಂದ ಉಗುರು ಎಳೆದು ನೋಡಿದರು. ಫೆಂಡರಿನ ಮೇಲಿದ್ದ ಗೀರಿನ ಬಾಲ ಮಾಯ.

ಅಸದನನ್ನು ಬಿಡಿಸುವ ಗುರುತಿನಲ್ಲಿ ಅರ್ಧವನ್ನು ಅಸದನ ಭಾವನೇ ಒರೆಸಿ ಹಾಕಿದ್ದ.

ಇನ್ನುಳಿದದ್ದು ಬಾಗಿಲು.

ದಾವೂದ್ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು, ಬಾವಿಕಟ್ಟೆಯ ಹತ್ತಿರ ಹೋಗಿ ಎಸ್ಐಗೆ ಫೋನು ಮಾಡಿದರು. ಮಾತಿನ ಠೀವಿಗೆ ಕಡಿಮೆ ಇರಲಿಲ್ಲ.

"ಸಾಹೇಬ್ರೆ, ದಾವೂದ್. ಕಾರು ಸಿಕ್ತು. ಇಡೀ ಕರ್ನಾಟಕದ ಪೊಲೀಸ್ರು ಭೂತಗನ್ನಡಿ ಹಿಡ್ಕೊಂಡು ಬಂದ್ರೂ ಕಾಣದ್ದು ನನ್ನ ಉಗುರಿಗೆ ಸಿಕ್ಕಿದೆ. ಬೇಗ ಬನ್ನಿ, ವಾನಳ್ಳಿ."

"ಉಗುರಿಗೆ ಸಿಕ್ಕಿದ್ದು ನನ್ನ ಕಣ್ಣಿಗೂ ಕಾಣ್ಬೇಕು ಸಾಹೇಬ್ರೆ," ಎಂದರು ಆ ಕಡೆಯಿಂದ. "ಬರ್ತೀನಿ. ಕೆರಿಯಪ್ಪನ ಹೆಂಡತೀನೂ ಇಲ್ಲೇ ಬಂದಿದಾಳೆ. ಕರ್ಕೊಂಡೇ ಬರ್ತೀನಿ, ಕಾರು ಕಂಡ್ರೆ ಏನಾದ್ರೂ ನೆನಪಾದೀತು."

ತಿರುಗಿ ಬರುವಾಗ ಕಾರಿನ ಎಡಬಾಗಿಲಿಗೆ ಬೆನ್ನು ಕೊಟ್ಟು ಒಬ್ಬಳು ಹುಡುಗಿ ನಿಂತಿದ್ದಳು. ನಂದನನ ಮಗಳು ಭೂಮಿಕಾ; ಶಿರಸಿಯಲ್ಲಿ ಕಾಲೇಜು ಓದುವವಳು. ಕೈಯಲ್ಲಿ ಚಹಾದ ಲೋಟ. ಚಹಾ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು.

"ದಾವೂದಣ್ಣ, ಪಾಲಿಶ್ ಮಾಡಿದ್ದು ನಾನು."

"ನೀನಾ?" ಕೇಳಿದವನು ನಂದನ.

"ಹೌದಪ್ಪ. ಎಮ್ಮೆ ಕೊಂಬು ತಿಕ್ಕಿತ್ತು. ನೀವು ಬೈತ್ರಿ ಅಂತ ಹೇಳ್ಲಿಲ್ಲ. ಮೊಬೈಲಲ್ಲಿ ನೋಡಿ ಕಲ್ತ್ಕಂಡು ಮಾಡ್ದೆ."

"ಕೈಯಲ್ಲೋ ಮಷಿನ್ನಲ್ಲೋ, ತಂಗಿ?" ದಾವೂದರ ದನಿ ಬೆಣ್ಣೆಯಂತಿತ್ತು.

"ಮಷಿನ್ನಲ್ಲಿ. ಗೆಳತಿ ಅಣ್ಣಂದು."

"ಭಲೆ. ನಂಗೂ ವಯಸ್ಸಾಯ್ತು, ಅಂಗಡಿಗೆ ಒಬ್ಬರು ಬೇಕಿತ್ತು. ಬಾ, ಬಾನೆಟ್ಟಿನ ಮೂಲೆ ಸ್ವಲ್ಪ ಮಾಡಿ ತೋರಿಸು."

ದಾವೂದ್ ತಮ್ಮ ಹೊಸ ಮಷಿನ್ನಿನ ಸ್ಪಂಜಿನ ಪ್ಯಾಡಿಗೆ ಧಾರಾಳವಾಗಿ ಪಾಲಿಶ್ ಸುರಿದು ಅವಳ ಇನ್ನೊಂದು ಕೈಗಿತ್ತರು. ಒಂದು ಸಲ ಈ ಕೆಲಸ ಮಾಡಿದವರೂ ಪ್ಯಾಡನ್ನು ಮೊದಲು ಕಾರಿಗೆ ಒತ್ತಿ, ಆಮೇಲೆ ಗುಂಡಿ ಅದುಮುತ್ತಾರೆ. ಎರಡನೆಯ ಸಲ ನೆನಪಿಸಬೇಕಾಗಿಲ್ಲ. ಮೊದಲ ಸಲವೇ ಬಟ್ಟೆ ಹಾಳಾಗಿರುತ್ತದೆ.

ಭೂಮಿಕಾ ಗಾಳಿಯಲ್ಲೇ ಗುಂಡಿ ಅದುಮಿದಳು.

ಪ್ಯಾಡು ಗಿರ್ರನೆ ತಿರುಗಿತು. ಸುರಿದ ಪಾಲಿಶ್ ಎಲ್ಲ ಹಾರಿ ನಂದನನ ಮುಖ, ಎದೆ, ಇಸ್ತ್ರಿಯ ಅಂಗಿಯ ಮೇಲೆ ಕುಳಿತಿತು. ಗಿರಾಕಿ ಬರುತ್ತಾನೆಂದು ಹಾಕಿಕೊಂಡಿದ್ದ ಅಂಗಿ ಅದು. ಉಳಿದದ್ದು ಜಗಲಿ ದಾಟಿ, ಮಾಡಿನ ಹಂಚಿಗೆ ಬಡಿದು, ಕೊಟ್ಟಿಗೆಯ ಎಮ್ಮೆಯ ಬೆನ್ನಿಗೂ ಒಂದಿಷ್ಟು ಬಿತ್ತು. ಆ ಎಮ್ಮೆ ಇವತ್ತಿಗೂ ಉಳಿದವಕ್ಕಿಂತ ಹೆಚ್ಚು ಹೊಳೆಯುತ್ತದೆ ಎನ್ನುವವರಿದ್ದಾರೆ.

"ಬೀರಣ್ಣ," ಕಣ್ಣುಜ್ಜುತ್ತಾ ಕೂಗಿದ ನಂದನ, "ನೀರು ಕಾಸು ಮಾರಾಯ."

"ತೆಂಗಿನ ಸಿಪ್ಪೆ ತರ್ಲಾ, ನಂದಣ್ಣ?"

ನಂದನ ಬಚ್ಚಲಿಗೆ ನಡೆದ.

ದಾವೂದ್ ಮಷಿನ್ನು ತೆಗೆದುಕೊಂಡು ನೆಲಕ್ಕಿಟ್ಟರು. ಭೂಮಿಕಾಳ ಕಣ್ಣಲ್ಲಿ ನೀರು ತುಂಬಿತ್ತು. ಅವರಿಗೆ ನಗು ಬರಲಿಲ್ಲ.

"ತಂಗಿ, ಯಾರನ್ನ ಉಳಿಸ್ತಿದ್ದೀ?"

ಅವಳು ಬಾಗಿಲ ಮುಂದಿನಿಂದ ಸರಿದು ನಿಂತಳು, ಅಷ್ಟೆ.

ದಾವೂದ್ ಮಂಡಿಯೂರಿ ಮತ್ತೆ ಟಾರ್ಚು ಹಿಡಿದರು. ಈ ಸಲ ಗೀರನ್ನಲ್ಲ, ಗೀರು ಅಳಿಸಿದ ಕೈಯನ್ನು ಹುಡುಕಿದರು. ಹೊಸಬರ ಕೆಲಸವೇ, ಅನುಮಾನವಿಲ್ಲ. ಆದರೂ ಒಂದು ಪಟ್ಟಿ ಉಜ್ಜಿ ಅದರ ಅರ್ಧದ ಮೇಲೆ ಮುಂದಿನ ಪಟ್ಟಿ ಬರುವಂತೆ ತಾಳ್ಮೆಯಿಂದ ಉಜ್ಜಿದ್ದಾರೆ, ಥೇಟ್ ತಾನು ಉಜ್ಜುವ ಹಾಗೆ. ಯಾರಿವರು ತನ್ನ ಶಿಷ್ಯರು ಎಂದು ಹೆಮ್ಮೆ ಮೂಡುವಷ್ಟರಲ್ಲಿ ಹೊಳಪಿನ ಅಂಚು ಕಂಡಿತು.

ಅಲ್ಲಿ ಉಗುರು ಒತ್ತಿದಂಥ ಪುಟ್ಟ ಪುಟ್ಟ ಚಂದ್ರಗಳು. ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಆಕಾರ.

ಪ್ಯಾಡಿನ ಹಿಂದಿನ ಗಟ್ಟಿ ತಟ್ಟೆಯ ಅಂಚು ಮುಕ್ಕಾಗಿದ್ದರೆ, ಮಷಿನ್ನು ಸ್ವಲ್ಪ ವಾಲಿದಾಗ ಬೀಳುವ ಗುರುತು ಇದು. ಇಂಥ ಮುಕ್ಕಾದ ತಟ್ಟೆ ಇರುವ ಒಂದೇ ಒಂದು ಮಷಿನ್ನು ದಾವೂದರಿಗೆ ಗೊತ್ತಿತ್ತು. ಅದನ್ನು ಕೆಳಗೆ ಬೀಳಿಸಿದವರೇ ಅವರು. ಹೊಸದು ತಂದ ಮೇಲೆ ಹಳೆಯದನ್ನು ಮನೆಯ ಅಟ್ಟಕ್ಕೆ ಹಾಕಿದ್ದರು.

ನಮ್ಮ ಮನೆಯ ಮಷಿನ್ನು.

ಆ ಮನೆಯಲ್ಲಿ ಪಾಲಿಶ್ ಕಲಿತ ಇನ್ನೊಬ್ಬನೆಂದರೆ ಅಸದ್.

ದಾವೂದ್ ಟಾರ್ಚು ಆರಿಸಿದರು. ಅಸದ್ ಈ ಕಾರಿನ ಗೀರು ಅಳಿಸಿಕೊಟ್ಟನೇ? ಹಾಗಾದರೆ ಯಾರೋ ಮಾಡಿದ ತಪ್ಪು ಮುಚ್ಚಿ ತಾನೇ ಕೂತಿದ್ದಾನೆಯೇ? ತಾನು ಕರೆದ ಜೀಪು ಬಂದು, ಈ ಚಂದ್ರಗಳ ಜಾಡು ಹಿಡಿದು, ತನ್ನ ಮನೆಯ ಅಟ್ಟಕ್ಕೇ ಹತ್ತುತ್ತದೆಯೇ?

ಫೋನು ಹಚ್ಚಿದರು.

"ಸುಗ್ರಾ, ಅಟ್ಟದ ಮೇಲಿನ ಹಳೇ ಮಷಿನ್ ಅಲ್ಲೇ ಇದೆಯಾ?"

"ಯಾಕೆ? ಹೊಸದನ್ನೂ ಬೀಳಿಸಿದ್ರಾ?"

"ತಮಾಷೆ ಬೇಡ. ಅಸದ್ ತಗೊಂಡು ಹೋಗಿದ್ನಾ?"

"ಅವನ್ಯಾಕೆ ತಗೋತಾನೆ, ಅವತ್ತಿಗಾಗ್ಲೇ ಠಾಣೇಲಿದ್ದ." ಸುಗ್ರಾ ದನಿ ತಗ್ಗಿಸಿದಳು. "ನಾನು ಕೊಟ್ಟೆ. ಹೊನ್ನಿಗೆ."

"ಯಾವ ಹೊನ್ನಿ?"

"ನಿಮ್ಮ ಅಂಗಡಿ ಎದುರು ಸೊಪ್ಪಿನ ಬುಟ್ಟಿ ಇಟ್ಕೊಂಡು, ನೀವು ಉಜ್ಜೋದು ನೋಡ್ತಾ ವರ್ಷಗಟ್ಟಲೆ ಕೂತೋಳು. ಕೆರಿಯಪ್ಪನ ಹೆಂಡತಿ. ದೇವರ ಕೋಣೆ ಬಾಗಿಲು ಉಜ್ಜಬೇಕು ಅಂದ್ಲು. ಮರುದಿನಾನೇ ತಂದುಕೊಟ್ಲು, ಪ್ಯಾಡ್ ತೊಳೆದು."

"ಗಂಡ ಆಸ್ಪತ್ರೇಲಿರುವಾಗ ಯಾರಾದ್ರೂ ಬಾಗಿಲು ಉಜ್ತಾರಾ? ಅಷ್ಟೂ ಕೇಳ್ಲಿಲ್ವಾ ನೀನು?"

"ಅತ್ತು ಅತ್ತು ಕಣ್ಣು ಊದಿತ್ತು ಅವಳದ್ದು. ಅಂಥೋಳಿಗೆ ಪ್ರಶ್ನೆ ಕೇಳಿ ಸಾಮಾನು ಕೊಡೋ ಮನೆ ಅಲ್ಲ ನಮ್ದು." ಆಮೇಲೆ ಮೆಲ್ಲಗೆ ಕೇಳಿದಳು, "ಅಸದನ್ನ ಬಿಡ್ತಾರಾ?"

ದಾವೂದ್ ಫೋನು ಜೇಬಿಗಿಟ್ಟರು. ಗುದ್ದಿಸಿಕೊಂಡವನ ಹೆಂಡತಿ ಗುದ್ದಿದ ಕಾರಿನ ಗೀರು ಅಳಿಸಿದ್ದಾಳೆ. ಕಾರುಗಳ ಚರ್ಮದ ಕೆಳಗಿನ ಸಂಕಟವೂ ತನಗೆ ಕಾಣುತ್ತದೆ ಎಂದು ಹೇಳಿಕೊಂಡು ತಿರುಗಿದವರಿಗೆ ಇದರ ತಲೆಬುಡ ತಿಳಿಯಲಿಲ್ಲ.

"ಹೊನ್ನಕ್ಕನ ಹೆಸರು ಬಂತಲ್ಲ," ಎಂದಳು ಭೂಮಿಕಾ. ಚಹಾದ ಲೋಟವನ್ನು ಬಾನೆಟ್ಟಿನ ಮೇಲಿಡಲು ಹೋಗಿ, ದಾವೂದರ ಮುಖ ನೋಡಿ, ನೆಲದ ಮೇಲಿಟ್ಟಳು.

"ಹೇಳು ತಂಗಿ."

"ಅವಳಿಗೆ ಕಾರು ಕಲಿಸ್ತಾ ಇದ್ದೆ. ಅಪ್ಪ ಊರಲ್ಲಿಲ್ದಾಗ. ಸೊಪ್ಪಿನ ಬುಟ್ಟಿ ಹೊತ್ಕಂಡು ಬಸ್ಸಿಗೆ ಕಾದು ಸಾಕಾಗಿ, ಒಂದು ಸಣ್ಣ ಗೂಡ್ಸ್ ಗಾಡಿ ತಗಳ್ತೆ ಅಂತಿದ್ಲು. ಕೆರಿಯಪ್ಪಣ್ಣಂಗೆ ಹೇಳಿರ್ಲಿಲ್ಲ. ಲೈಸನ್ಸ್ ಬಂದ ದಿನ ಅವನನ್ನ ಪಕ್ಕದಲ್ಲಿ ಕೂರ್ಸ್ಕಂಡು ಶಿರಸಿ ಪೇಟೆ ಸುತ್ತಬೇಕು ಅಂತ ಆಸೆ ಅವಳಿಗೆ."

ದಾವೂದ್ ಬಾಗಿಲಿಗೆ ಕೈಯೂರಿ ಕೇಳುತ್ತಿದ್ದರು.

"ಮುಂದೆ ಒಂದು ಸ್ಕೂಟರ್ ಹೋಗ್ತಿತ್ತು. ದಾಟಿಸು ಅಂತ ಹೇಳಿದ್ದು ನಾನೇ. ತಿರುವಲ್ಲಿ ಅವಳಿಗೆ ಅಂದಾಜು ತಪ್ತು. ಇಳ್ದು ನೋಡಿದ್ರೆ..." ಅವಳು ರಸ್ತೆಯ ಕಡೆ ನೋಡಿದಳು. "ಇಳ್ದು ನೋಡಿದ್ರೆ ಅವಳ ಗಂಡನೇ. ಅಷ್ಟರಲ್ಲಿ ಹಿಂದೆ ಕಾರಿನ ಬೆಳಕು ಕಾಣ್ತು, ಅಸದಣ್ಣಂದು. ನೀ ಹೋಗು, ನಿನ್ನ ಹೆಸರು ಹೊರಗೆ ಬರೂದು ಬ್ಯಾಡ ಅಂತ ನನ್ನ ಅಟ್ಟಿದ್ಲು. ಗಂಡನ ತಲೆ ತೊಡೆ ಮೇಲೆ ಇಟ್ಕಂಡು ಅಸದಣ್ಣನ ಕಾರಲ್ಲೇ ಆಸ್ಪತ್ರೆಗೆ ಹೋದ್ಲು. ಪೊಲೀಸ್ರು ಕೇಳಿದ್ರೆ ಯಾವ ಗಾಡೀನೂ ನೋಡ್ಲಿಲ್ಲ ಅಂದ್ಲು. ಅಸದಣ್ಣನ್ನೇ ಹಿಡೀತಾರೆ ಅಂತ ಯಾರಿಗೆ ಗೊತ್ತಿತ್ತು?"

"ಹಿಡಿದ ಮೇಲೆ?"

"ಗಂಡನ ಬಾಯಿಂದ ಒಂದು ಮಾತು ಬರ್ಲಿ, ಗುದ್ದಿದ್ದು ನಾನೇ ಅಂತ ಮೊದಲು ಅವಂಗೆ ಹೇಳ್ತೆ, ಆಮೇಲೆ ಪೊಲೀಸ್ರಿಗೆ ಹೇಳ್ತೆ ಅಂತ ಕೂತಿದಾಳೆ. ಅಲ್ಲೀವರಿಗೂ ಕಾರಿನ ಗುರುತು ಹಿಡ್ದು ನನ್ನ ಹತ್ರ ಬರಬಾರ್ದು ಅಂತ ಉಜ್ಜಿದ್ದು." ಭೂಮಿಕಾ ಮುಖ ಒರೆಸಿಕೊಂಡಳು. "ದಿನಾ ಸಂಜೆ ನಮ್ಮ ಜಗಲಿ ಮೇಲೆ ಬಂದು, ಅಸದಣ್ಣ ಉಂಡ್ನಾ ಅಂತ ನನ್ನ ಕೇಳ್ತಾಳೆ. ನಂಗೆಂತ ಗೊತ್ತು, ದಾವೂದಣ್ಣ?"

ದಾವೂದ್ ಕಳ್ಳನನ್ನು ಹಿಡಿಯಲು ಬಂದಿದ್ದರು. ಕಳ್ಳನೇ ಇರಲಿಲ್ಲ ಇಲ್ಲಿ.

ರಸ್ತೆಯ ಕಡೆಯಿಂದ ಜೀಪಿನ ಸದ್ದು ಬಂತು. ಅಂಗಳದ ಬೇಲಿಯ ದಣಪೆ ಸರಿಸಿದ ಸದ್ದು. ಬಚ್ಚಲಿನಿಂದ ನಂದನ ತಲೆ ಒರೆಸಿಕೊಳ್ಳುತ್ತಾ ಹೊರಬಂದ. ಬೀರ ಎಮ್ಮೆಯ ಹಗ್ಗ ಹಿಡಿದು ನಿಂತ.

ಜೀಪಿನಿಂದ ಎಸ್ಐ ಇಳಿದರು. ಹಿಂದಿನಿಂದ ಹೊನ್ನಿ ಇಳಿದಳು. ನೀಲಿ ಕಾರನ್ನು ಕಂಡದ್ದೇ ಅವಳ ಕಾಲು ಅಲ್ಲೇ ನಿಂತಿತು. ಭೂಮಿಕಾ ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದಳು.

"ಏನು ದಾವೂದ್ ಸಾಹೇಬ್ರೆ," ಎಂದರು ಎಸ್ಐ, "ಇಡೀ ಕರ್ನಾಟಕಕ್ಕೆ ಕಾಣದ ಗುರುತು ಎಲ್ಲಿದೆ? ತೋರಿಸಿ."

ತೋರಿಸಲು ಬೆರಳೆತ್ತಬೇಕು. ಆಗಲೇ ದಾವೂದರಿಗೆ ತಮ್ಮ ಬಲಗೈ ಎಲ್ಲಿದೆ ಎನ್ನುವುದು ಕಂಡದ್ದು.

ಹೆಗಲ ಮೇಲಿದ್ದ ಬಟ್ಟೆ ಯಾವಾಗಲೋ ಅಂಗೈಗೆ ಬಂದಿತ್ತು. ಭೂಮಿಕಾ ಮಾತಾಡಿದಷ್ಟೂ ಹೊತ್ತು ಬಾಗಿಲ ಮೇಲೆ ಊರಿದ ಕೈ ಸುಮ್ಮನೆ ಊರಿರಲಿಲ್ಲ. ಸುತ್ತಿತ್ತು. ಬಟ್ಟೆ ಬಿಸಿಯಾಗಿತ್ತು. ಅದರ ಕೆಳಗೆ ಗೀರಿನ ಬಾಲ, ಆ ಉಗುರುಚಂದ್ರಗಳು ಉಳಿದಿವೆಯೋ ಇಲ್ಲವೋ, ಮೂರು ತಾಲೂಕಿನ ಗೀರೆಲ್ಲ ಬಾಯಿಪಾಠ ಇದ್ದ ದಾವೂದರಿಗೆ ಅದೊಂದು ಗೊತ್ತಿರಲಿಲ್ಲ.

ಇದ್ದರೆ ಅಸದ್ ಇವತ್ತೇ ಮನೆಗೆ ಬರುತ್ತಾನೆ, ಈ ಹೆಂಗಸು ಅದೇ ಜೀಪಿನಲ್ಲಿ ಹೋಗುತ್ತಾಳೆ. ಅಳಿಸಿಹೋಗಿದ್ದರೆ ಸಂಜೆ ಸುಗ್ರಾಳಿಗೆ ಮುಖ ತೋರಿಸುವುದು ಹೇಗೆ?

ಅವರು ಕೈ ತೆಗೆಯಲಿಲ್ಲ. ಬಟ್ಟೆಯನ್ನು ಇನ್ನಷ್ಟು ಒತ್ತಿ ಹಿಡಿದರು.

ಹೊನ್ನಿ ಎಸ್ಐಯನ್ನು ದಾಟಿ, ಭೂಮಿಕಾಳನ್ನು ದಾಟಿ, ಕಾರಿನ ಹತ್ತಿರ ಬಂದಳು. ಅಂಗಡಿಯ ಎದುರು ಬುಟ್ಟಿ ಇಳಿಸಿ ಕೂರುವಾಗ ಇರುತ್ತಿದ್ದ ಅದೇ ದನಿಯಲ್ಲಿ, ಮೆಲ್ಲಗೆ ಹೇಳಿದಳು.

"ಸಾಬಣ್ಣ, ಕೈ ತೆಗೀರಿ."